ಎಂಟು ಹಾಸಿಗೆಯ ಅತಿಥಿಗೃಹ

ಅಪ್ಪ ಮನೆಗೆ ಬಂದು ಇನ್ನೂ ಬೂಟು ಬಿಚ್ಚಿರುತ್ತಿರಲಿಲ್ಲ, ನಾನು ಎದುರಿಗೆ ಹೋಗಿ ನಿಂತು ಕೇಳುತ್ತಿದ್ದೆ. "ಯಾವತ್ತು ಹೊರಡ್ತೀಯ? ಎಷ್ಟು ಗಂಟೆಗೆ?"

ಅಮ್ಮ ಒಳಗಿನಿಂದಲೇ ಗದರುತ್ತಿದ್ದಳು. "ಬಂದವರನ್ನ ಯಾವಾಗ ಹೋಗ್ತೀರಿ ಅಂತ ಕೇಳ್ತಾರೇನೇ? ಯಾರು ಕಲಿಸಿದ್ರು ನಿಂಗೆ ಈ ಬುದ್ಧಿ?"

ಅವಳಿಗೆ ಅರ್ಥವಾಗುತ್ತಿರಲಿಲ್ಲ. ನನಗೆ ಲೆಕ್ಕ ಬೇಕಿತ್ತು. ಶುಕ್ರವಾರ ಸಂಜೆ ಆರಕ್ಕೆ ಬಂದು ಭಾನುವಾರ ಬೆಳಗ್ಗೆ ಏಳಕ್ಕೆ ಹೊರಟರೆ ಮೂವತ್ತೇಳು ಗಂಟೆ. ಅದರಲ್ಲಿ ಇಪ್ಪತ್ತು ಗಂಟೆ ಅಪ್ಪ ನಿದ್ದೆ ಹೊಡೆಯುತ್ತಿದ್ದ. ಉಳಿದ ಹದಿನೇಳರಲ್ಲಿ ಅಮ್ಮನ ಪಾಲು ಕಳೆದರೆ ನನಗೆಷ್ಟು? ಮುಂದೆ ನಾನು ಸಂಖ್ಯಾಶಾಸ್ತ್ರ ತೆಗೆದುಕೊಂಡಾಗ ಎಲ್ಲರೂ ಏನೇನೋ ಕಾರಣ ಹೇಳಿದರು. ನನ್ನನ್ನು ಕೇಳಿದರೆ ಕಾರಣ ಇದೇ.

ಅಪ್ಪ ಒಂದು ನಾಟಕ ತಂಡದಲ್ಲಿ ದೀಪದವನು. ಆರು ಜನ ನಟರು, ಬಟ್ಟೆ ನೋಡಿಕೊಳ್ಳುವ ಅಕ್ಕ, ಮ್ಯಾನೇಜರ್, ಅಪ್ಪ, ಒಟ್ಟು ಒಂಬತ್ತು ಜನ. ವರ್ಷದಲ್ಲಿ ಹತ್ತು ತಿಂಗಳು ಊರೂರು ಸುತ್ತಾಟ. "ಕಾಲಿಗೆ ಚಕ್ರ ಕಟ್ಟಿಕೊಂಡವರನ್ನ ನಾನು ಕಟ್ಟಿಕೊಂಡೆ" ಎಂದು ಅಮ್ಮ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಅವಳು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದವಳು. ಊರಿನವರ ಕಣ್ಣೆಲ್ಲ ತನ್ನ ಕೈಯಲ್ಲಿದ್ದರೂ ನಿಮ್ಮಪ್ಪ ಮಾತ್ರ ಕಣ್ಣಿಗೆ ಬೀಳುವುದಿಲ್ಲ ಎನ್ನುವುದು ಅವಳ ಇನ್ನೊಂದು ಮಾತು. ನಗುತ್ತಲೇ ಹೇಳುತ್ತಿದ್ದಳು.

ನನಗೆ ಎಂಟು ವರ್ಷವಿದ್ದಾಗ ರಜೆಯಲ್ಲಿ ಒಂದು ವಾರ ಅಪ್ಪ ನನ್ನನ್ನು ತನ್ನ ಜೊತೆ ಕರೆದುಕೊಂಡು ಹೋಗಿದ್ದ. ಪ್ರೇಕ್ಷಕರ ಬೆನ್ನ ಹಿಂದೆ, ಮೇಲೆ, ಗಾಜಿನ ಕಿಟಕಿಯ ಒಂದು ಗೂಡು. ಅಲ್ಲಿ ಅಪ್ಪನ ಸ್ಟೂಲು, ಅವನ ಮುಂದೆ ದೀಪದ ಬೋರ್ಡು, ಪಕ್ಕದಲ್ಲಿ ದೀಪದ ಪುಸ್ತಕ. ಯಾವ ಮಾತಿಗೆ ಯಾವ ದೀಪ ಏರಬೇಕು, ಯಾವುದು ಇಳಿಯಬೇಕು ಎಂದು ಅದರಲ್ಲಿ ಬರೆದಿರುತ್ತದೆ. ನಾನು ಅವನ ಕಾಲ ಬಳಿ ಕುಳಿತಿರುತ್ತಿದ್ದೆ. ಅವನ ಎಡಮಂಡಿ ನನ್ನ ಭುಜಕ್ಕೆ ತಾಗಿತೆಂದರೆ ಎದ್ದು ಪುಟ ತಿರುಗಿಸಬೇಕು. ಅವನು ದೀಪ ಇಳಿಸುವಾಗ ಪಿಸುಗುಟ್ಟಿ ಎಣಿಸುತ್ತಿದ್ದ. ಒಂದುಸಿರು, ಎರಡುಸಿರು, ಮೂರುಸಿರು. "ಗಡಿಯಾರ ನೋಡಿ ಇಳಿಸಬಾರದು ಪುಟ್ಟಿ, ಉಸಿರು ನೋಡಿ ಇಳಿಸಬೇಕು. ಆಗ ದೀಪ ಇಳೀತು ಅಂತಲೇ ಜನಕ್ಕೆ ಗೊತ್ತಾಗಲ್ಲ." ಆ ವಾರ ನಾನು ಹೊರಡುವ ಹೊತ್ತು ಕೇಳಲಿಲ್ಲ. ಹೊರಟರೂ ಇಬ್ಬರೂ ಒಟ್ಟಿಗೇ ಹೊರಡುತ್ತಿದ್ದೆವು. ನನ್ನ ಇಡೀ ಬಾಲ್ಯದಲ್ಲಿ ನನಗೆ ಬೇಕಾಗಿದ್ದದ್ದು ಆ ಗೂಡು, ಆ ಮಂಡಿ, ಅಷ್ಟೇ.

ನಮ್ಮೂರಿನ ವಿಶ್ವವಿದ್ಯಾಲಯದ ಎರಡನೇ ವರ್ಷ ಮುಖ್ಯ ವಿಷಯದ ಜೊತೆಗೆ ಒಂದು ಮೈನರ್ ಆರಿಸಿಕೊಳ್ಳಬೇಕು ಎಂದರು. ಪಟ್ಟಿಯ ಕೊನೆಯಲ್ಲಿ 'ಮನರಂಜನೆ ಮತ್ತು ಕಲಾ ನಿರ್ವಹಣೆ' ಎಂದಿತ್ತು. ನಾನು ಹೆಸರು ಕೊಟ್ಟು ಬಂದೆ.

"ಅದರಲ್ಲಿ ಏನು ಕಲಿಸ್ತಾರೆ?" ಎಂದಳು ಅಮ್ಮ.

"ನಾಟಕ, ಸಂಗೀತ, ಪ್ರದರ್ಶನ ಇದನ್ನೆಲ್ಲ ಏರ್ಪಾಡು ಮಾಡೋದು. ಕರೆಸೋದು, ಒಪ್ಪಂದ ಬರೆಯೋದು, ಜನ ಸೇರಿಸೋದು, ಬಾಗಿಲು ನೋಡಿಕೊಳ್ಳೋದು."

"ಬಾಗಿಲು ನೋಡಿಕೊಳ್ಳೋದಕ್ಕೆ ಕಾಲೇಜು ಬೇಕಾ? ನಾನು ಇಪ್ಪತ್ತೆರಡು ವರ್ಷದಿಂದ ನೋಡಿಕೊಂಡು ಕೂತಿಲ್ವಾ?"

ಸಿಟ್ಟು ಮೂಗಿನ ತುದಿಯಲ್ಲೇ ಇರುವ ನಾನು ಆವತ್ತು ಸುಮ್ಮನೆ ಎದ್ದು ಹೋದೆ. ಸಂದರ್ಶನದಲ್ಲಿ ಯಾಕೆ ಈ ವಿಷಯ ಎಂದು ಕೇಳಿದ್ದಕ್ಕೆ ಸಂಸ್ಕೃತಿ, ಸಮುದಾಯ ಎಂದೆಲ್ಲ ಬಾಯಿಗೆ ಬಂದದ್ದು ಹೇಳಿದ್ದೆ. ನಿಜ ಬೇರೆ ಇತ್ತು. ಅಪ್ಪನ ತಂಡ ಯಾವ ಊರಿಗೆ ಹೋಗಬೇಕು ಎಂದು ಯಾರೋ ಒಬ್ಬರು ಎಲ್ಲೋ ಒಂದು ಮೇಜಿನ ಹಿಂದೆ ಕುಳಿತು ತೀರ್ಮಾನಿಸುತ್ತಾರೆ. ಅವರು ಕರೆದಲ್ಲಿಗೆ ಅಪ್ಪ ಹೋಗುತ್ತಾನೆ. ಆ ಮೇಜಿನ ಹಿಂದೆ ನಾನೇ ಕುಳಿತರೆ?

ಪಾಠ ಮಾಡುತ್ತಿದ್ದ ಮೇಡಂ ಮೂವತ್ತು ವರ್ಷ ದೊಡ್ಡದೊಂದು ರಂಗಮಂದಿರ ನಡೆಸಿ ಬಂದವರು. ದನಿ ಎತ್ತರಿಸಿದ್ದನ್ನು ನಾನು ಕೇಳಿಲ್ಲ. ಮೊದಲ ದಿನವೇ ಹೇಳಿದರು, "ನೀವು ಕೆಲಸ ಸರಿಯಾಗಿ ಮಾಡಿದ್ರೆ ನೀವಿದ್ರಿ ಅಂತಲೇ ಯಾರಿಗೂ ಗೊತ್ತಾಗಬಾರದು. ಹೆಸರು ಬೇಕು ಅನ್ನೋರು ಈಗಲೇ ಬೇರೆ ವಿಷಯ ತಗೊಳ್ಳಿ." ಇಬ್ಬರು ಎದ್ದು ಹೋದರು. ನನಗೆ ಮಾತ್ರ ಮನೆಯವರೇ ಮಾತಾಡಿದಂತೆ ಕೇಳಿಸಿತು. ಮುಖ್ಯ ವಿಷಯಕ್ಕಿಂತ ಈ ಚಿಕ್ಕ ವಿಷಯವನ್ನೇ ನಾನು ತಲೆಗೆ ಹಚ್ಚಿಕೊಂಡೆ. ಆಸನಗಳ ನಕ್ಷೆ ಬರೆದೆ, ಒಪ್ಪಂದದ ಕರಡು ಬರೆದೆ, ಬೆಂಕಿ ಬಿದ್ದರೆ ನಾನೂರು ಜನರನ್ನು ಎಷ್ಟು ನಿಮಿಷದಲ್ಲಿ ಹೊರಗೆ ಕಳಿಸಬೇಕೆಂದು ಕಲಿತೆ. ಭಾನುವಾರ ಯಾವುದೋ ಗದ್ದಲದ ಜಾಗದಿಂದ ಅಪ್ಪನ ಫೋನು ಬರುತ್ತಿತ್ತು. "ಊಟ ಆಯ್ತಾ? ಓದು ಹೇಗಿದೆ? ಅಮ್ಮಂಗೆ ಕೊಡು." ಅಲ್ಲಿಗೆ ಮುಗಿಯಿತು.

ಕೊನೆಯ ಅವಧಿಯಲ್ಲಿ ಪ್ರತಿಯೊಬ್ಬರೂ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ನಿಜವಾದ ಒಂದು ಕಾರ್ಯಕ್ರಮ ಮಾಡಿ ತೋರಿಸಬೇಕು. ಅದೇ ಪರೀಕ್ಷೆ. ಮೇಡಂ ಒಂದು ಷರತ್ತು ಹಾಕಿದರು. "ಮಾವನ ಆರ್ಕೆಸ್ಟ್ರಾ, ಚಿಕ್ಕಮ್ಮನ ನೃತ್ಯ, ಇದ್ಯಾವುದೂ ಬೇಡ. ಸಂಬಂಧಿಕರು ಇರೋ ತಂಡ ಕರೆಸಿದ್ರೆ ಅಲ್ಲಿಗೇ ನಿಲ್ಲಿಸ್ತೀನಿ." ನಾನು ತುಟಿ ಪಿಟಕ್ಕೆನ್ನಲಿಲ್ಲ. ಅಪ್ಪನ ತಂಡದ ಹೆಸರು ಬರೆದುಕೊಟ್ಟೆ. ಅವರ ಕರಪತ್ರದಲ್ಲಿ ದೀಪದವನ ಹೆಸರು ತೀರಾ ಕೆಳಗೆ, ಚಿಕ್ಕ ಅಕ್ಷರದಲ್ಲಿರುತ್ತದೆ. ಯಾರೂ ಅಲ್ಲಿಯವರೆಗೆ ಓದುವುದಿಲ್ಲ.

ಈಗ ಸಭಾಂಗಣ ಪತ್ರದ ವಿಷಯ ಹೇಳಬೇಕು. ತಂಡ ಬರುವುದಕ್ಕೆ ಮುಂಚೆ ಈ ಪತ್ರ ಹೋಗುತ್ತದೆ. ಎಡಗಡೆ 'ನಮ್ಮಲ್ಲಿ ಇರುವುದು' ಎಂದು ಸಭಾಂಗಣದವರು ತುಂಬಬೇಕು. ಬಲಗಡೆ 'ನಮಗೆ ಬೇಕಾದದ್ದು' ಎಂದು ತಂಡದ ಆಯಾ ಕೆಲಸದವರು ಕೈಬರಹದಲ್ಲೇ ತುಂಬಬೇಕು. ಮೂಲ ಪತ್ರ ತಂಡದ ಕಡತದಲ್ಲಿ ಉಳಿಯುತ್ತದೆ, ನಮಗೆ ಅದರ ಟೈಪ್ ಮಾಡಿದ ಸಾರ ಬರುತ್ತದೆ. ಈ ಪತ್ರ ನನಗೆ ಚಿಕ್ಕಂದಿನಿಂದ ಗೊತ್ತು. ಅಪ್ಪ ಮನೆಗೆ ಬಂದಾಗಲೂ ಕೆಲವೊಮ್ಮೆ ಊಟದ ಮೇಜಿನ ಮೇಲೆ ಹರಡಿಕೊಂಡು ತುಂಬುತ್ತಿದ್ದ. ಯಾವ ಊರಿನ ಪತ್ರವಾದರೂ ಬಲಗಡೆ ಅವನು ಬರೆಯುತ್ತಿದ್ದದ್ದು ಒಂದೇ ಸಾಲು. 'ದೀಪ ಯಾರದ್ದಾದರೂ ಇರಲಿ, ಕೈ ನನ್ನದೇ ಇರಬೇಕು.' ಬರೆದು, ಪೆನ್ನಿನ ಮುಚ್ಚಳ ಹಾಕಿ, ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದ.

ಪತ್ರದ ತುದಿಯಲ್ಲಿ ವಸತಿಯ ಮಾಹಿತಿ ಕೇಳಿತ್ತು. ವಿಶ್ವವಿದ್ಯಾಲಯದ ಅತಿಥಿಗೃಹದಲ್ಲಿ ನಾಲ್ಕು ಕೋಣೆ, ಎಂಟು ಹಾಸಿಗೆ. ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದರು, ಎಂಟಕ್ಕಿಂತ ಒಬ್ಬರೂ ಹೆಚ್ಚು ಬೇಡ ಎಂದು. ನನಗೋ ಹಾಲು ಕುಡಿದಷ್ಟು ಸಂತೋಷ. ತಂಡದಲ್ಲಿರುವುದು ಒಂಬತ್ತು. ಅದರಲ್ಲಿ ಅಪ್ಪ ನಮ್ಮ ಮನೆಯಲ್ಲೇ ಮಲಗುತ್ತಾನೆ. ಉಳಿದವರು ಎಂಟು. ಅಳೆದು ಹೊಲಿಸಿದ ಹಾಗೆ ಕೂತಿತ್ತು ಲೆಕ್ಕ. ಆದರೆ ಒಂಬತ್ತನೆಯವರು ನಮ್ಮ ಮನೆಯಲ್ಲಿರುತ್ತಾರೆ ಎಂದು ಪತ್ರದಲ್ಲಿ ಬರೆಯುವ ಹಾಗಿರಲಿಲ್ಲ, ಮೇಡಂ ಅದನ್ನು ಓದಿಯೇ ಸಹಿ ಹಾಕುವುದು. ಅಪ್ಪನಿಗೆ ಪ್ರತ್ಯೇಕವಾಗಿ ಹೇಳಬೇಕು ಎಂದೂ ಅನ್ನಿಸಲಿಲ್ಲ. ನನ್ನ ಸಹಿ ನೋಡಿದರೆ ಅವನಿಗೆ ಗೊತ್ತಾಗುವುದಿಲ್ಲವೇ? 'ಎಂಟು ಜನರಿಗೆ ಮಾತ್ರ ವ್ಯವಸ್ಥೆ' ಎಂದು ಬರೆದು ಕೆಳಗೆ ನನ್ನ ಪೂರ್ತಿ ಹೆಸರನ್ನು ದೊಡ್ಡದಾಗಿ ಬರೆದೆ.

ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ನನಗೆ ಜಂಬ. ಪತ್ರ ಓದುವುದು ಅಪ್ಪ ತಾನೇ, ಮಗಳಿಗೆ ಎಷ್ಟು ಕೆಲಸ ಗೊತ್ತು ನೋಡಲಿ ಎಂದು ದೀಪದ ಭಾಗವನ್ನು ಒಂದು ಚುಕ್ಕೆ ಬಿಡದೆ ತುಂಬಿದೆ. ದೀಪ ಇಪ್ಪತ್ನಾಲ್ಕು, ಎಲ್ಲವೂ ಚಾಲ್ತಿಯಲ್ಲಿವೆ. ಬೋರ್ಡು ಹೊಸದು. ನಡೆಸಲು ಸಿಬ್ಬಂದಿ ಇದ್ದಾರೆಯೇ? ಇದ್ದಾರೆ, ಇಪ್ಪತ್ತೆರಡು ವರ್ಷದ ಅನುಭವ. ಇದು ಸಭಾಂಗಣ ನೋಡಿಕೊಳ್ಳುವ ಬಲ್ಬಣ್ಣನ ವಿಷಯ. ಅವರ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಮೇಡಂ ಪತ್ರ ಓದಿ ಬೆನ್ನು ತಟ್ಟಿದರು. "ಇಷ್ಟು ಅಚ್ಚುಕಟ್ಟಾದ ಪತ್ರ ನಾನು ನೋಡಿ ಹತ್ತು ವರ್ಷ ಆಗಿತ್ತು."

ಆಮೇಲಿನ ಎರಡು ಭಾನುವಾರ ಅಪ್ಪ ಫೋನಿನಲ್ಲಿ ಪತ್ರದ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಆಟ ಆಡಿಸುತ್ತಿದ್ದಾನೆ ಎಂದುಕೊಂಡು ಫೋನಿಟ್ಟ ಮೇಲೆ ಒಬ್ಬಳೇ ನಗುತ್ತಿದ್ದೆ. ಅವನ ಹಾಸಿಗೆಗೆ ಹೊಸ ಹೊದಿಕೆ ತಂದು ಕಪಾಟಿನಲ್ಲಿ ಬಚ್ಚಿಟ್ಟೆ.

ಪ್ರದರ್ಶನಕ್ಕೆ ಎರಡು ವಾರವಿದ್ದಾಗ ಬರುವವರ ಪಟ್ಟಿ ಬಂತು. ಎಂಟು ಹೆಸರು. ಮೊದಲಿನಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ಓದಿದೆ. ಆರು ನಟರು, ಬಟ್ಟೆಯ ಅಕ್ಕ, ಮ್ಯಾನೇಜರ್. ದೀಪದ ಮುಂದೆ 'ಸಭಾಂಗಣದ ಸಿಬ್ಬಂದಿ' ಎಂದು ಟೈಪ್ ಮಾಡಿತ್ತು. ವಿಭಾಗದ ಕಾರಿಡಾರಿನಲ್ಲೇ ನಿಂತು ಮ್ಯಾನೇಜರ್‌ಗೆ ಫೋನ್ ಮಾಡಿದೆ. ನಾನು ಯಾರ ಮಗಳೆಂದು ಅವರಿಗೆ ಗೊತ್ತಿರಲಿಲ್ಲ.

"ದೀಪದವರ ಹೆಸರು ಬಿಟ್ಟುಹೋಗಿದೆ ಸರ್."

"ಬಿಟ್ಟುಹೋಗಿಲ್ಲ ಮೇಡಂ, ಬಿಟ್ಟಿದ್ದೀವಿ. ಎಂಟೇ ಜನ ಅಂದ್ರಿ. ನಟರನ್ನ ಬಿಡೋಕಾಗುತ್ತಾ? ನಿಮ್ಮಲ್ಲಿ ಎಲ್ಲ ಇದೆ, ನಡೆಸೋರೂ ಇದ್ದಾರೆ ಅಂತ ಬರೆದಿದ್ದೀರಲ್ಲ."

"ಅವರು ಒಪ್ಪಿದ್ರಾ?"

"ಒಪ್ಪಿದ್ರು. ನಿಜ ಹೇಳ್ಬೇಕು ಅಂದ್ರೆ ನಮಗೂ ಇದೊಂದು ಪರೀಕ್ಷೆ. ಈಗ ಎಲ್ಲಾ ಕಡೆ ಬೋರ್ಡಿದೆ, ಆಳಿದ್ದಾರೆ. ನಿಮ್ಮಲ್ಲಿ ಅವರಿಲ್ಲದೆ ಸರಿಹೋಯ್ತು ಅಂದ್ರೆ ಇನ್ಮೇಲೆ ಎಲ್ಲಾ ಊರಿಗೂ ಎಂಟೇ ಜನ ಹೊರಡೋದು. ಅವರಿಗೂ ಹೇಳಿದ್ದೀನಿ. ನಿಮ್ಮ ಪತ್ರ ನಮ್ಮ ಕಣ್ಣು ತೆರೆಸ್ತು ಮೇಡಂ."

"ಇನ್ನೊಬ್ಬರಿಗೆ ಜಾಗ ಮಾಡಿಕೊಡ್ತೀನಿ ಸರ್. ಅವರನ್ನೂ ಕರ್ಕೊಂಡು ಬನ್ನಿ."

"ಬೇಡ ಬೇಡ. ಟಿಕೆಟ್ಟೆಲ್ಲ ಆಗಿದೆ. ಅವರು ರಜಾನೂ ಹಾಕಿದ್ರು."

ಫೋನಿಟ್ಟು ಅಲ್ಲೇ ಗೋಡೆಗೊರಗಿ ಕುಳಿತೆ. ಅಪ್ಪನನ್ನು ಮನೆಗೆ ಕರೆಸಬೇಕೆಂದು ಹೊರಟವಳು ಅಪ್ಪನ ಅನ್ನಕ್ಕೇ ಕಲ್ಲು ಹಾಕಿದ್ದೆ. ನನ್ನ ಕಾರ್ಯಕ್ರಮ ಚೆನ್ನಾಗಿ ಆದಷ್ಟೂ ಅಪ್ಪನಿಗೆ ಕೇಡು. ಹಾಳಾದ ಆ ಒಂದು ಸಾಲನ್ನು ಅವನು ಈ ಸಲ ಯಾಕೆ ಬರೆಯಲಿಲ್ಲ? ಎಲ್ಲ ಊರಿಗೂ ಬರೆಯುವವನು ಮಗಳ ಊರಿಗೆ ಬರೆಯಲಾರದೆ ಹೋದನೇ? ನನಗೆ ಅವನ ಮೇಲೆ ಕೋಪ ಬಂತು. ಕೋಪ ಇಳಿದ ಮೇಲೆ ಅಳು ಬಂತು.

ಅಲ್ಲಿಂದ ನೇರವಾಗಿ ಸಭಾಂಗಣಕ್ಕೆ ಹೋದೆ. ಮಧ್ಯಾಹ್ನದ ಹೊತ್ತು. ಬಲ್ಬಣ್ಣ ಏಣಿಯ ಮೇಲೆ ನಿಂತು ಹಳೇ ಬನಿಯನ್ ಚೂರಿನಿಂದ ದೀಪದ ಗಾಜು ಒರೆಸುತ್ತಿದ್ದರು.

"ಒಂದೊಂದೇ ದೀಪ ಹಾಕಿ ತೋರಿಸ್ತೀರಾ ಬಲ್ಬಣ್ಣ?" ಎಂದೆ. ಒಂದಾದರೂ ಕೆಟ್ಟಿರಲಿ, ನಾಲ್ಕಾದರೂ ಕೆಟ್ಟಿರಲಿ ಎಂಬುದೇ ನನ್ನ ಆಸೆ. ಕೆಟ್ಟಿದ್ದರೆ ಪತ್ರ ತಿದ್ದಬಹುದು, ಅಪ್ಪನನ್ನು ಕರೆಸಲೇಬೇಕು ಎನ್ನಬಹುದು. ಅವರು ಕೆಳಗಿಳಿದು ಬೋರ್ಡಿನ ಮುಂದೆ ಕುಳಿತು ಒಂದು, ಎರಡು, ಮೂರು ಎಂದು ಹಾಕುತ್ತಾ ಹೋದರು. ಹತ್ತೊಂಬತ್ತನೆಯದು ತಡವಾಯಿತು. ಆಮೇಲೆ ಅದೂ ಹತ್ತಿಕೊಂಡಿತು. ಇಪ್ಪತ್ನಾಲ್ಕೂ ಹತ್ತಿ ಇಡೀ ರಂಗ ಬೆಳಗಿತು, ನನ್ನ ಮುಖ ಸಪ್ಪಗಾಯಿತು.

"ದೀಪ ಕೆಟ್ಟಿದ್ರೆ ಅಳೋರನ್ನ ನೋಡಿದ್ದೀನಿ" ಎಂದರು ಬಲ್ಬಣ್ಣ. "ಎಲ್ಲ ಹತ್ತಿದ್ದಕ್ಕೆ ಅಳೋರನ್ನ ಇವತ್ತೇ ನೋಡ್ತಿರೋದು. ಏನಾಯ್ತಮ್ಮ?"

ಹೇಳಿಬಿಟ್ಟೆ. ಗೂಡು, ಮಂಡಿ, ಪತ್ರ, ಎಂಟು ಹಾಸಿಗೆ, ಮ್ಯಾನೇಜರ್ ಹೇಳಿದ್ದು, ಎಲ್ಲ. ಅವರು ಕೇಳುತ್ತಾ ಕೈಯಲ್ಲಿದ್ದ ಬಟ್ಟೆಯ ಚೂರನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು.

"ಆರು ದೀಪ ಕೆಟ್ಟಿದೆ, ನನಗೆ ಹೊಸ ಬೋರ್ಡು ಬರಲ್ಲ ಅಂತ ಬರ್ಕೋ. ನಾನು ಸಹಿ ಹಾಕ್ತೀನಿ" ಎಂದರು ಕೊನೆಗೆ.

ನಾನು ಪೆನ್ನು ತೆಗೆದೆ. ತಲೆಯೆತ್ತಿದರೆ ಪ್ರತಿ ದೀಪಕ್ಕೂ ದಾರದಲ್ಲಿ ಒಂದೊಂದು ಚೀಟಿ ತೂಗುತ್ತಿತ್ತು. ಯಾವ ದಿನ ಒರೆಸಿದ್ದು, ಯಾವ ದಿನ ಬಲ್ಬು ಬದಲಿಸಿದ್ದು, ಎಲ್ಲ ಅವರದೇ ಅಕ್ಷರ. ಆ ಅಕ್ಷರದ ಕೆಳಗೆ ಅವರ ಕೈಯಿಂದಲೇ 'ನನಗೆ ಕೆಲಸ ಬರುವುದಿಲ್ಲ' ಎಂದು ಬರೆಸಬೇಕಿತ್ತು. ಒಬ್ಬರ ಅಪ್ಪನಿಗೋಸ್ಕರ ಇನ್ನೊಬ್ಬರ ಅಪ್ಪನ ಮರ್ಯಾದೆ ಕಳೆಯುವುದು ನನ್ನಿಂದಾಗಲಿಲ್ಲ. ಪೆನ್ನು ಒಳಗಿಟ್ಟು, "ಬೇಡ ಬಿಡಿ ಬಲ್ಬಣ್ಣ" ಎಂದೆ. ಅವರು ಮತ್ತೆ ಏಣಿ ಹತ್ತಿದರು, ಆದರೆ ತುಂಬಾ ಹೊತ್ತು ಏನೂ ಒರೆಸಲಿಲ್ಲ.

ನಾಲ್ಕು ದಿನ ಕಳೆದ ಮೇಲೆ ದೀಪದ ಪುಸ್ತಕ ಪಾರ್ಸೆಲ್‌ನಲ್ಲಿ ಬಂತು. ಹಳೆಯದಲ್ಲ. ಗೊತ್ತಿಲ್ಲದವರಿಗೂ ಗೊತ್ತಾಗಲಿ ಎಂದು ಅಪ್ಪ ಕುಳಿತು ಹೊಸದಾಗಿ ದುಂಡು ಅಕ್ಷರದಲ್ಲಿ ಬರೆದಿದ್ದ. 'ಇಲ್ಲಿ ಹಿರಿಯ ನಟಿಗೆ ಮಂಡಿ ನೋವು. ಅವರು ಎದ್ದು ನಿಲ್ಲುವವರೆಗೆ ಕತ್ತಲೆ ಮಾಡಬೇಡಿ.' 'ಇವನು ಸಾಲು ಮರೆಯುತ್ತಾನೆ. ಗಾಬರಿ ಬೇಡ, ಎರಡುಸಿರು ಕಾಯಿರಿ, ನೆನಪಿಗೆ ಬರುತ್ತದೆ.' ಕೊನೆಯ ಪುಟದಲ್ಲಿ, 'ಇಲ್ಲಿ ಒಂಬತ್ತುಸಿರು. ಅವಸರ ಬೇಡ. ಇದೇ ನಾಟಕ.' ಬಲ್ಬಣ್ಣ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. "ಇದನ್ನ ಕೈಲಿಟ್ಟುಕೊಂಡ್ರೆ ಹಸುಗೂಸೂ ದೀಪ ಹಾಕುತ್ತೆ" ಎಂದರು. ಹೊಗಳಿಕೆಯೇ. ಆದರೆ ಇಬ್ಬರಿಗೂ ನಗು ಬರಲಿಲ್ಲ.

ನಾನು ಆ ಪುಸ್ತಕವನ್ನು ಒಂದು ದಿನ ಮನೆಗೆ ತಂದಿಟ್ಟುಕೊಂಡೆ. ಗುರುತಿಲ್ಲದ ಒಬ್ಬ ದೀಪದವನಿಗೆ ಅಪ್ಪ ಎಷ್ಟೊಂದು ಮಾತು ಬರೆದಿದ್ದ. ನನಗೆ ಫೋನಿನಲ್ಲಿ ಊಟ ಆಯ್ತಾ ಬಿಟ್ಟರೆ ಇನ್ನೊಂದು ಮಾತಿಲ್ಲ. ಅಷ್ಟು ಜನರ ಮಂಡಿ, ಮರೆವು, ಉಸಿರು ಎಲ್ಲ ಗೊತ್ತಿದ್ದವನಿಗೆ ನನ್ನದೇನು ಗೊತ್ತು ಎಂದು ಹೊಟ್ಟೆ ಉರಿಯಿತು. ಕೊನೆಯ ಪುಟವೊಂದನ್ನು ಹರಿದರೆ ಸಾಕು, ಪ್ರದರ್ಶನ ಎಡವುತ್ತದೆ ಎಂದೂ ಅನ್ನಿಸಿತು. ಪುಟ ಹಿಡಿದೂ ನೋಡಿದೆ. ಪುಟ ತಿರುಗಿಸಿ ಅಭ್ಯಾಸವಿದ್ದ ಕೈ ಅದು, ಹರಿಯಲಿಲ್ಲ.

ಪ್ರದರ್ಶನ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ. ಶನಿವಾರ ಬೆಳಗ್ಗೆ ಅಪ್ಪ ಬಂದ. ಯಾವಾಗಲೂ ಒಂದು ಚೀಲದಲ್ಲಿ ಬರುವವನ ಕೈಯಲ್ಲಿ ಎರಡು ಚೀಲ, ದೀಪಕ್ಕೆ ಹಾಕುವ ಬಣ್ಣದ ಹಾಳೆಗಳ ಮರದ ಪೆಟ್ಟಿಗೆ, ಬಗಲಲ್ಲಿ ಅವನ ಸ್ಟೂಲು. ನಾನು ಸ್ಟೂಲನ್ನೇ ನೋಡಿದೆ.

"ರಜಾನಾ ಅಪ್ಪ?"

"ಹೂಂ, ರಜಾ. ನಿನ್ನ ನಾಟಕ ಮುಂದೆ ಕೂತು ನೋಡೋಣ ಅಂತ."

"ನಿನ್ನ ನಾಟಕ" ಎಂದ, ನಮ್ಮ ನಾಟಕ ಎನ್ನಲಿಲ್ಲ. ಅವನು ಬೂಟು ಬಿಚ್ಚಿದ, ಕಾಲು ತೊಳೆದ, ಕುಳಿತ. ನಾನು ಏನೂ ಕೇಳಲಿಲ್ಲ. ಅಮ್ಮ ಬಾಗಿಲಿಗೆ ಬಂದು ನನ್ನ ಮುಖ ನೋಡಿದಳು.

"ಏನೇ, ಇವತ್ತು ಕೇಳಲಿಲ್ಲ?"

"ಏನನ್ನ?"

"ಎಷ್ಟು ಗಂಟೆಗೆ ಹೊರಡ್ತೀಯ ಅಂತ."

"ಬಂದವರನ್ನ ಹಾಗೆಲ್ಲ ಕೇಳ್ತಾರೇನಮ್ಮ?" ಎಂದು ಒಳಗೆ ಹೋಗಿ ಹೊಸ ಹೊದಿಕೆ ಹಾಸಿದೆ. ಮಾರನೆಯ ದಿನ ಹೊರಡುವ ಮುಂಚೆ ದೀಪದ ಗೂಡಿಗೆ ಬಾ, ಬಲ್ಬಣ್ಣನ ಪಕ್ಕ ನಿಲ್ಲು ಎಂದು ಅಪ್ಪನನ್ನು ಕರೆದೆ. "ಬೇರೆಯವರ ಅಡುಗೆಮನೆಗೆ ನುಗ್ಗಬಾರದು ಪುಟ್ಟಿ" ಎಂದುಬಿಟ್ಟ.

ಪ್ರತಿ ಪ್ರದರ್ಶನಕ್ಕೂ ಸಭಾಂಗಣದವರು ಎರಡು ಆಸನಗಳನ್ನು ಯಾರಿಗೂ ಕೊಡದೆ ಇಟ್ಟುಕೊಳ್ಳುತ್ತಾರೆ. ಏನಾದರೂ ಎಡವಟ್ಟಾದರೆ ಇರಲಿ ಎಂದು. ನಮ್ಮಲ್ಲಿ ಅದು ಏಳನೇ ಸಾಲಿನ ತುದಿ. ಪರದೆ ಏಳಲು ಎರಡು ನಿಮಿಷವಿದ್ದಾಗ, ಎಡವಟ್ಟೇನೂ ಇಲ್ಲ ಎಂದು ಖಚಿತವಾದ ಮೇಲೆ, ಅಪ್ಪ ಅಮ್ಮನನ್ನು ಅಲ್ಲಿ ಕೂರಿಸಿದೆ. ಅಮ್ಮ ಸೆರಗು ಸರಿಮಾಡಿಕೊಂಡು ನನ್ನ ಕಿವಿಯಲ್ಲಿ ಹೇಳಿದಳು, "ಮದುವೆ ಆದ್ಮೇಲೆ ನಿಮ್ಮಪ್ಪನ ಪಕ್ಕ ಕೂತು ನಾಟಕ ನೋಡ್ತಿರೋದು ಇದೇ ಮೊದಲು ಕಣೇ." ಅವಳ ಮುಖ ಹೊಳೆಯುತ್ತಿತ್ತು. ನಾನು ಬಾಗಿಲು ಮುಚ್ಚಿ ಒಳಗೋಡೆಗೆ ಬೆನ್ನು ಕೊಟ್ಟು ನಿಂತೆ. ಹಿಂದಿನ ಸಾಲಿನಲ್ಲಿ ಮೇಡಂ ಅಂಕದ ಹಾಳೆ ಹಿಡಿದು ಕುಳಿತಿದ್ದರು.

ನಾಟಕ ನಾನು ನೋಡಲಿಲ್ಲ, ಅಪ್ಪನನ್ನು ನೋಡಿದೆ. ಅವನಿಗೆ ಮುಂದೆ ನೋಡಿ ಕೂರುವುದು ಬರುತ್ತಿರಲಿಲ್ಲ. ಎರಡು ನಿಮಿಷಕ್ಕೊಮ್ಮೆ ಕತ್ತು ತಿರುಗಿಸಿ ಮೇಲಿನ ಗಾಜಿನ ಕಿಟಕಿಯತ್ತ ನೋಡುತ್ತಿದ್ದ. ಅಮ್ಮ ಅವನ ಭುಜ ಹಿಡಿದು ಮುಂದಕ್ಕೆ ತಿರುಗಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ತಿರುಗುತ್ತಿದ್ದ. ಆಮೇಲೆ ಅವನ ಬಲಗೈ ತೊಡೆಯ ಮೇಲೆ ಓಡಾಡಲು ಶುರುವಾಯಿತು. ಬೆರಳು ಮೇಲೆ ಸರಿದರೆ ರಂಗದ ಮೇಲೆ ಬೆಳಕು ಏರುತ್ತಿತ್ತು, ಕೆಳಗೆ ಸರಿದರೆ ಇಳಿಯುತ್ತಿತ್ತು. ತಪ್ಪಲಿ, ಒಂದೇ ಒಂದು ಸಲ ತಪ್ಪಲಿ ಎಂದು ನಾನು ಹಲ್ಲು ಕಚ್ಚಿ ನಿಂತಿದ್ದೆ. ನನ್ನ ಪರೀಕ್ಷೆ, ನನ್ನ ಮೂರು ವರ್ಷದ ಓದು, ಎಲ್ಲ ಮಣ್ಣುಪಾಲಾದರೂ ಸರಿ. ಬಲ್ಬಣ್ಣ ಒಂದು ಕಡೆಯೂ ತಪ್ಪಲಿಲ್ಲ. ಹಿರಿಯ ನಟಿ ಎದ್ದು ನಿಲ್ಲುವವರೆಗೂ ಬೆಳಕು ಕಾಯಿತು.

ಕೊನೆಯ ದೃಶ್ಯ ಬಂತು. ಒಬ್ಬಳೇ ಹೆಂಗಸು ಕುರ್ಚಿಯ ಮೇಲೆ. ಬೆಳಕು ಇಳಿಯತೊಡಗಿತು. ನಾನು ಎಣಿಸಿದೆ. ಏಳುಸಿರು, ಎಂಟುಸಿರು, ಒಂಬತ್ತುಸಿರು. ಆಮೇಲೆ ಕತ್ತಲೆ. ಇಡೀ ಸಭಾಂಗಣ ಎದ್ದು ಚಪ್ಪಾಳೆ ಹೊಡೆಯಿತು. ದೀಪ ಬಂದಾಗ ನೋಡಿದೆ. ನಾನೂರು ಜನ ರಂಗದ ಕಡೆ ಮುಖ ಮಾಡಿ ಚಪ್ಪಾಳೆ ತಟ್ಟುತ್ತಿದ್ದರು. ಅಪ್ಪ ಒಬ್ಬ ಮಾತ್ರ ರಂಗಕ್ಕೆ ಬೆನ್ನು ಹಾಕಿ ನಿಂತು, ಮೇಲಿನ ಕಿಟಕಿ ನೋಡುತ್ತಾ ತಟ್ಟುತ್ತಿದ್ದ.

ಮೇಡಂ ಹೊರಗೆ ಹೋಗುವಾಗ ನನ್ನ ತೋಳು ಒತ್ತಿದರು. "ನೀನಿದ್ದೆ ಅಂತಲೇ ಗೊತ್ತಾಗಲಿಲ್ಲ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ.

ಮ್ಯಾನೇಜರ್ ಕಡತ ತಂದು ಮೇಜಿನ ಮೇಲಿಟ್ಟರು. "ಎಲ್ಲ ಸುಸೂತ್ರ ಮೇಡಂ, ಇಲ್ಲೊಂದು ಸಹಿ. ನಾಳೆಯಿಂದ ನಾವು ಎಂಟೇ." ನಟರ ಸಾಮಾನು ನೋಡಲು ಅವರು ಆಚೆ ಹೋದರು. ಸಹಿಯ ಜಾಗ ಹುಡುಕುತ್ತಾ ಹಾಳೆ ಮಗುಚಿದೆ. ಕೆಳಗೆ ನನ್ನ ಪತ್ರದ ಮೂಲ ಪ್ರತಿ ಇತ್ತು. ಎಡಗಡೆ ನನ್ನ ಅಕ್ಷರ. ಬಲಗಡೆ ದೀಪದ ಮುಂದೆ ಅಪ್ಪನದು. 'ದೀಪ ಯಾರದ್ದಾದರೂ ಇರಲಿ, ಕೈ' ಎಂದು ಅರ್ಧ ಬರೆದು, ಅಲ್ಲಿಗೆ ನಿಲ್ಲಿಸಿ, ಮೇಲೊಂದು ಗೆರೆ ಎಳೆದಿದ್ದ. ಅದರ ಕೆಳಗೆ ಬೇರೆ ಸಾಲು. 'ನಮ್ಮವರು ಬೇಕಿಲ್ಲ. ಎಂಟು ಜನ ಸಾಕು. ಈ ಪತ್ರ ತುಂಬಿದವರಿಗೆ ಕೆಲಸ ಗೊತ್ತಿದೆ.'

ಅಂದರೆ ಬರೆಯುತ್ತಾ ಬರೆಯುತ್ತಾ ಅವನ ಕಣ್ಣು ನನ್ನ ಸಹಿಯ ಮೇಲೆ ಬಿದ್ದಿತ್ತು. ಒಂಬತ್ತು ಎಂದರೆ ಮಗಳ ಪತ್ರ ತಪ್ಪಾಗುತ್ತದೆ, ಪರೀಕ್ಷೆ ಕೆಡುತ್ತದೆ ಎಂದುಕೊಂಡಿದ್ದ. ನಾನೋ, ಸಹಿ ನೋಡಿ ಅವನು ನಗುತ್ತಾನೆ ಎಂದುಕೊಂಡಿದ್ದೆ.

ಹೊರಗೆ ಇನ್ನೂ ಬಿಸಿಲಿತ್ತು. ಅಮ್ಮ ಮುಂದೆ ಮುಂದೆ ನಡೆಯುತ್ತಿದ್ದಳು, ನಾಟಕದ ಯಾವುದೋ ಮಾತು ನೆನೆಸಿಕೊಂಡು ತನ್ನಷ್ಟಕ್ಕೇ ನಗುತ್ತಾ. ನಾನೂ ಅಪ್ಪನೂ ಹಿಂದೆ.

"ಒಂಬತ್ತನೇ ಹಾಸಿಗೆ ಮನೇಲಿತ್ತಲ್ಲಪ್ಪ" ಎಂದೆ. "ಅದಕ್ಕೇ ಎಂಟು ಅಂತ ಬರೆದೆ. ನೀನು ನಮ್ಮ ಮನೇಲಿ ಮಲಗ್ತೀಯ ಅಂತ."

ಅಪ್ಪ ನಿಂತ. ನನ್ನನ್ನು ನೋಡಿದ, ಆಮೇಲೆ ರಸ್ತೆ ನೋಡಿದ.

"ಹೌದಲ್ಲ" ಎಂದ. "ಮನೇಲಿ ನಂಗೊಂದು ಹಾಸಿಗೆ ಇದೆ ಅನ್ನೋದು ಹೊಳೀಲೇ ಇಲ್ಲ ನೋಡು ಪುಟ್ಟಿ. ಊರು ಅಂದ್ರೆ ಅತಿಥಿಗೃಹ ಅಂತಲೇ ಬಂದುಬಿಡುತ್ತೆ ತಲೆಗೆ."

ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ನಕ್ಕ. ಅವನ ಬಲಗೈ ಪ್ಯಾಂಟಿನ ಮೇಲೆ ಇನ್ನೂ ಮೆಲ್ಲಗೆ ಸರಿದಾಡುತ್ತಿತ್ತು. ನಾನು ಆ ಕೈ ಹಿಡಿದುಕೊಂಡೆ. ಹಾಗೇ ಮನೆಯವರೆಗೆ ನಡೆದೆವು. ಬಾಗಿಲ ಬಳಿ ಅವನು ಬಗ್ಗಿ ಬೂಟಿನ ದಾರಕ್ಕೆ ಕೈಹಾಕಿದ. ಹದಿನೈದು ವರ್ಷದ ರೂಢಿ, ನಾಲಿಗೆ ನನ್ನ ಮಾತು ಕೇಳಲಿಲ್ಲ.

"ನಾಳೆ ಎಷ್ಟು ಗಂಟೆಗೆ ಹೊರಡ್ತೀಯ ಅಪ್ಪ?"

ನನ್ನ ಇಡೀ ಆಯುಷ್ಯ ನಾನು ಕಾದಿದ್ದ 'ಹೊರಡಲ್ಲ' ಎಂಬ ಉತ್ತರ, ಪ್ರಶ್ನೆ ಕೇಳುತ್ತಲೇ ಬೇಡವಾಯಿತು. ಏಳು ಗಂಟೆಗೆ ಎನ್ನಬಾರದೇ, ಆರಕ್ಕೇ ಎನ್ನಬಾರದೇ ಎಂದು ಬಾಯಿಬಿಟ್ಟು ಬೇಡಿಕೊಳ್ಳುವಂತಾಯಿತು.

"ಎಲ್ಲಿಗೆ?" ಎಂದ ಅಪ್ಪ.